‘ಸೀಟಿಲ್ಲ’ ಎಂಬ ಉತ್ತರವನ್ನು ಬರಹದಲ್ಲಿ ಕೊಡಿಸಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನನ್ನ ಮಗ ಏಳನೇ ತರಗತಿಯಲ್ಲಿದ್ದಾನೆ. ಅವನು ಓದುತ್ತಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಂಟನೇ ತರಗತಿ ಇಲ್ಲವಾದ್ದರಿಂದ ಈ ಬೇಸಿಗೆಯಲ್ಲಿ ನಾವು ಅವನಿಗೊಂದು ಪ್ರೌಢಶಾಲೆಯನ್ನು ಹುಡುಕಬೇಕಾಗಿದೆ. ಬಹಳಷ್ಟು ಮನೆಗಳಲ್ಲಿ ಒಂದೆರಡು ಸಂಜೆಯ ಮಾತುಕತೆಯಲ್ಲಿ ತೀರ್ಮಾನವಾಗುವ ಈ ವಿಷಯ ನಮ್ಮ ಮನೆಯಲ್ಲಿ ದಸರಾ ರಜೆಯಿಂದಲೇ ನಿದ್ದೆ ಕೆಡಿಸಿದೆ. ಅವನಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಮೂರು ವರ್ಷಗಳ ಹಿಂದೆ, ಅವನು ನಾಲ್ಕನೇ ತರಗತಿಯಲ್ಲಿದ್ದಾಗ, ಇಂಥದ್ದೇ ಹುಡುಕಾಟದಲ್ಲಿ ನಾವು ನಮ್ಮ ಊರಿನ ಏಳು ಶಾಲೆಗಳ ಮೆಟ್ಟಿಲು ಹತ್ತಿ ಇಳಿದಿದ್ದೇವೆ. ಆ ಅನುಭವದಿಂದ ಹುಟ್ಟಿದ ಒಂದು ಬೇಡಿಕೆಯನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಇಂಥ ಮಗುವಿಗೆ ಪ್ರವೇಶ ನಿರಾಕರಿಸುವ ಶಾಲೆ ಆ ನಿರಾಕರಣೆಯನ್ನೂ ಅದರ ಕಾರಣವನ್ನೂ ಬರಹದಲ್ಲಿ ಕೊಡಬೇಕು; ಪ್ರವೇಶ ಕೊಡುವ ಶಾಲೆ ತನ್ನಲ್ಲಿ ಇಂಥ ಮಗುವಿಗೆ ಏನು ವ್ಯವಸ್ಥೆ ಇದೆ, ಏನು ಇಲ್ಲ ಎಂಬುದನ್ನು ಅರ್ಜಿ ಕೊಡುವ ಮೊದಲೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಇವೆರಡನ್ನೂ ಕಡ್ಡಾಯಗೊಳಿಸುವ ಆದೇಶವೊಂದನ್ನು ತಾವು ಹೊರಡಿಸಬೇಕೆಂದು ಕೋರುತ್ತೇನೆ.

ಕಲಿಕಾ ನ್ಯೂನತೆ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಹುಡುಕಾಟದ ಅರ್ಧ ಕಾಲ ಅದನ್ನು ವಿವರಿಸುವುದರಲ್ಲಿಯೇ ಕಳೆದುಹೋಯಿತು. ನನ್ನ ಮಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಕಣ್ಣು ಚೆನ್ನಾಗಿ ಕಾಣುತ್ತದೆ, ಕಿವಿ ಚೆನ್ನಾಗಿ ಕೇಳುತ್ತದೆ. ಅಜ್ಜ ಹೇಳಿದ ಕತೆಯನ್ನು ವಾರ ಕಳೆದ ಮೇಲೂ ಒಂದು ತಿರುವನ್ನೂ ಬಿಡದೆ ಹೇಳುತ್ತಾನೆ. ಅಡಿಕೆ ಸುಲಿಯುವ ಕಾಲದಲ್ಲಿ ಯಾರಿಗೆ ಎಷ್ಟು ಕೂಲಿ ಆಯಿತೆಂದು ಬಾಯಿಲೆಕ್ಕದಲ್ಲಿ ಹೇಳಬಲ್ಲ. ಆದರೆ ಅದನ್ನೇ ಕಾಗದದ ಮೇಲೆ ಬರೆಯಲು ಹೇಳಿದರೆ ಅವನ ಕೈ ನಿಂತುಹೋಗುತ್ತದೆ. ‘ಹಾಲು’ ಎಂಬುದು ‘ಹಲು’ ಆಗುತ್ತದೆ, ‘ಅಜ್ಜಿ’ ‘ಅಜಿ’ ಆಗುತ್ತಾಳೆ, ‘ಮರ’ ಮತ್ತು ‘ವರ’ ಒಂದೇ ಸಾಲಿನಲ್ಲಿ ಅದಲುಬದಲಾಗುತ್ತವೆ. ‘ಸೂರ್ಯ’ ಎಂಬ ಪದವನ್ನು ಅವನು ಎಷ್ಟು ಬಾರಿ ತಪ್ಪು ಬರೆದನೋ ಲೆಕ್ಕವಿಲ್ಲ. ನಾಲಿಗೆಯಲ್ಲಿ ಮೊದಲು ಬರುವ ರಕಾರ ಬರವಣಿಗೆಯಲ್ಲಿ ಅಕ್ಷರದ ನಂತರ ಅರ್ಕಾವತ್ತಾಗಿ ಏಕೆ ನಿಲ್ಲುತ್ತದೆ ಎಂದು ಅವನು ಕೇಳಿದಾಗ ಅದು ನಮ್ಮ ಲಿಪಿಯ ರೂಢಿ ಎಂದಷ್ಟೇ ಹೇಳಲು ನನಗೆ ಸಾಧ್ಯವಾಯಿತು. ಇತರ ಮಕ್ಕಳು ಯೋಚಿಸದೆಯೇ ದಾಟಿಹೋಗುವ ಈ ರೂಢಿಗಳೆಲ್ಲ ಅವನಿಗೆ ಒಂದೊಂದೂ ಪ್ರತ್ಯೇಕವಾಗಿ ಹತ್ತಬೇಕಾದ ದಿಬ್ಬಗಳು.

ಕನ್ನಡದ ಮಕ್ಕಳಲ್ಲಿ ಇದು ತಡವಾಗಿ ಗೊತ್ತಾಗಲು ಕಾರಣವೂ ನಮ್ಮ ಲಿಪಿಯಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ ನಮ್ಮದು. ಆದ್ದರಿಂದ ಒಂದೊಂದೇ ಅಕ್ಷರವನ್ನು ಕೂಡಿಸಿಕೊಂಡು ನಿಧಾನವಾಗಿಯಾದರೂ ಮಗು ಓದಿಬಿಡುತ್ತದೆ, ಶಿಕ್ಷಕರು ‘ಸ್ವಲ್ಪ ನಿಧಾನ, ಸರಿಹೋಗುತ್ತದೆ’ ಎನ್ನುತ್ತಾರೆ. ಮೂರು, ನಾಲ್ಕನೇ ತರಗತಿಗೆ ಬಂದಾಗ ಪಾಠದ ತುಂಬ ಒತ್ತಕ್ಷರಗಳು ಸೇರುತ್ತವೆ, ಜೊತೆಗೆ ಉಚ್ಚಾರಕ್ಕೂ ಬರವಣಿಗೆಗೂ ಹೊಂದಿಕೆಯಿಲ್ಲದ ಇಂಗ್ಲಿಷ್ ಕಾಗುಣಿತ ಹೆಚ್ಚಾಗುತ್ತದೆ. ಮಗು ಅಲ್ಲಿ ಇದ್ದಕ್ಕಿದ್ದಂತೆ ಕುಸಿದುಬಿಡುತ್ತದೆ. ನನ್ನ ಮಗನ ವಿಷಯದಲ್ಲಿ ಇದಕ್ಕೆ ಕೊರೊನಾ ಕಾಲವೂ ಸೇರಿಕೊಂಡಿತು. ಅವನು 2019ರಲ್ಲಿ ಒಂದನೇ ತರಗತಿಗೆ ಸೇರಿದವನು. ಎರಡನೇ ತರಗತಿ ಪೂರ್ತಿ ಶಾಲೆಯ ಬಾಗಿಲು ಮುಚ್ಚಿತ್ತು. ಶಾಲೆ ತೆರೆದ ಮೇಲೆ ಎಲ್ಲ ಮಕ್ಕಳೂ ಹಿಂದುಳಿದಿದ್ದರು. 2022-23ರಲ್ಲಿ ಇಲಾಖೆಯೇ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮವನ್ನು ನಡೆಸಬೇಕಾಯಿತು. ಆ ಗುಂಪಿನಲ್ಲಿ ನನ್ನ ಮಗನೂ ಕರಗಿಹೋದ. ಉಳಿದವರು ಚೇತರಿಸಿಕೊಂಡು ಮುಂದೆ ಹೋದಾಗ ಅವನೊಬ್ಬನೇ ಹಿಂದೆ ಉಳಿದದ್ದು ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಅವನಿಗೆ ಒಂಬತ್ತು ವರ್ಷ ತುಂಬಿತ್ತು, ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುವುದು ಅಭ್ಯಾಸವಾಗಿತ್ತು.

ನಮ್ಮ ಊರಿನಲ್ಲಿ ಪರೀಕ್ಷೆ ಮಾಡುವವರು ಸಿಗದೆ ನಾವು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಕಲಿಕಾ ನ್ಯೂನತೆಯನ್ನು ಪತ್ತೆಹಚ್ಚಲು ದೇಶದ ಸರ್ಕಾರಿ ಮಾರ್ಗಸೂಚಿ ಹೆಸರಿಸಿದ ಪರೀಕ್ಷಾ ಸರಣಿ ಅಲ್ಲಿಯೇ ರೂಪುಗೊಂಡದ್ದು. ಕಣ್ಣು, ಕಿವಿ, ಬುದ್ಧಿಮತ್ತೆಯ ತಪಾಸಣೆಗಳಾದ ಮೇಲೆ ಗಮನ, ಓದು, ಬರವಣಿಗೆ, ಲೆಕ್ಕ, ಜ್ಞಾಪಕಶಕ್ತಿ, ಆಕೃತಿಗಳನ್ನು ನೋಡಿ ಬರೆಯುವುದು ಹೀಗೆ ಒಂದೊಂದನ್ನೂ ತಾಳ್ಮೆಯಿಂದ ಪರೀಕ್ಷಿಸಿದರು. ಬುದ್ಧಿಮತ್ತೆ ಸಹಜವಾಗಿದೆ, ಓದು ಮತ್ತು ಬರವಣಿಗೆ ಎರಡು ತರಗತಿಗಳಷ್ಟು ಹಿಂದಿವೆ ಎಂದು ವರದಿ ಬಂತು. ಅಲ್ಲಿನ ಮನಶ್ಶಾಸ್ತ್ರಜ್ಞೆ ನನ್ನ ಮಗನನ್ನೇ ಎದುರಿಗೆ ಕೂರಿಸಿಕೊಂಡು, ‘ನಿನ್ನ ಮಿದುಳು ಅಕ್ಷರಗಳನ್ನು ಬೇರೆ ದಾರಿಯಲ್ಲಿ ಹುಡುಕುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ, ನೀನು ಏನೂ ತಪ್ಪು ಮಾಡಿಲ್ಲ’ ಎಂದು ಹೇಳಿದ್ದನ್ನು ನಾನು ಮರೆಯಲಾರೆ. ವಾಪಸು ಬರುವಾಗ ಅವನು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಬೆಳಗಿನವರೆಗೂ ಎಚ್ಚರವಾಗದೆ ಮಲಗಿದ.

ಆಗ ಓದುತ್ತಿದ್ದ ಖಾಸಗಿ ಶಾಲೆಗೆ ಆ ವರದಿಯನ್ನು ಕೊಟ್ಟ ಎರಡು ವಾರಗಳಲ್ಲಿ ಟಿಸಿ ತೆಗೆದುಕೊಳ್ಳುವಂತೆ ನಮಗೆ ಸೂಚಿಸಲಾಯಿತು. ಸಹಾಯ ಕೇಳಲು ಒಯ್ದ ಕಾಗದವೇ ಹೊರಹಾಕಲು ಕಾರಣವಾಯಿತು. ಆ ಶಾಲೆಯ ಹೆಸರು ಹೇಳುವುದು ಈ ಪತ್ರದ ಉದ್ದೇಶವಲ್ಲ. ಅಲ್ಲಿನ ಶಿಕ್ಷಕಿಯರಲ್ಲಿ ಒಬ್ಬರು ಮೆಟ್ಟಿಲಿನ ತನಕ ಬಂದು ಕಣ್ಣೀರು ಹಾಕಿದ್ದೂ ನನಗೆ ನೆನಪಿದೆ.

ಆ ಮೇಲೆ ಹೋದ ಶಾಲೆಗಳಲ್ಲಿ ಕೇಳಿದ ಮಾತುಗಳನ್ನು ಹೇಳುತ್ತೇನೆ. ಒಂದು ಕಡೆ ನಾನು ವರದಿಯನ್ನು ಮೇಜಿನ ಮೇಲಿಡುವ ಮೊದಲು ಇದ್ದ ಸೀಟು ಇಟ್ಟ ಮೇಲೆ ಭರ್ತಿಯಾಗಿತ್ತು. ಇನ್ನೊಂದು ಕಡೆ ‘ನಿಮ್ಮ ಮಗನ ಒಳ್ಳೆಯದಕ್ಕಾಗಿಯೇ ಹೇಳುತ್ತಿದ್ದೇವೆ, ನಮ್ಮ ಸಿಲೆಬಸ್ ಅವನಿಗೆ ಭಾರವಾಗುತ್ತದೆ’ ಎಂದರು. ಮತ್ತೊಂದು ಶಾಲೆಯ ಪ್ರವೇಶ ಪುಸ್ತಿಕೆಯಲ್ಲಿ ‘ಇನ್‌ಕ್ಲೂಸಿವ್’ (ಎಲ್ಲ ಮಕ್ಕಳನ್ನೂ ಒಳಗೊಳ್ಳುವ) ಎಂಬ ಪದ ದಪ್ಪಕ್ಷರದಲ್ಲಿ ಇತ್ತು. ಒಳಗೆ ಹೋದರೆ ಶ್ಯಾಡೋ ಟೀಚರನ್ನು, ಅಂದರೆ ತರಗತಿಯಲ್ಲಿ ಮಗುವಿನ ಪಕ್ಕದಲ್ಲಿಯೇ ಇದ್ದು ನೆರವಾಗುವ ಶಿಕ್ಷಕರನ್ನು, ನಾವೇ ಹುಡುಕಿ, ನಾವೇ ಸಂಬಳ ಕೊಟ್ಟು ಕರೆತಂದರೆ ಮಾತ್ರ ಯೋಚಿಸಬಹುದು ಎಂದರು. ಒಬ್ಬರು ವಿಶೇಷ ಶಾಲೆಗೆ ಸೇರಿಸಿ ಎಂದು ಸಲಹೆ ಕೊಟ್ಟರು. ಅಲ್ಲಿಗೂ ಹೋದೆ. ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗಾಗಿ ಬಹಳ ಶ್ರದ್ಧೆಯಿಂದ ನಡೆಯುತ್ತಿದ್ದ ಆ ಶಾಲೆಯ ಮುಖ್ಯಸ್ಥೆ ಮಗನೊಡನೆ ಅರ್ಧ ಗಂಟೆ ಮಾತಾಡಿ, ‘ಇವನು ಇರಬೇಕಾದದ್ದು ಇಲ್ಲಲ್ಲಮ್ಮ, ಸಾಮಾನ್ಯ ಶಾಲೆಯಲ್ಲಿ. ಅಲ್ಲಿ ಕಲಿಸುವ ಕ್ರಮ ಬದಲಾಗಬೇಕು, ಅಷ್ಟೇ’ ಎಂದರು. ಏಳು ಶಾಲೆಗಳಲ್ಲಿ ನನಗೆ ಸಿಕ್ಕಿದ ಅತ್ಯಂತ ಸ್ಪಷ್ಟವಾದ ಮಾತು ಅದೇ.

ಒಂದು ಶಾಲೆಯ ಆಫೀಸಿನಲ್ಲಿ ನಮ್ಮನ್ನು ಹೊರಗೆ ಕೂರಿಸಿ ಮಗನಿಗೆ ಇಂಗ್ಲಿಷ್ ಪುಸ್ತಕವೊಂದನ್ನು ಕೊಟ್ಟು ಓದಲು ಹೇಳಿದರು. ಅವನು ಹೊರಗೆ ಬಂದವನೇ, ‘ಅಮ್ಮಾ, ನಾನು ಓದಲಿಲ್ಲ ಅಂತ ನಿನಗೆ ಬೈತಾರಾ?’ ಎಂದು ಕೇಳಿದ. ಪ್ರವೇಶಕ್ಕೆ ಮೊದಲು ಮಗುವನ್ನಾಗಲಿ ಪೋಷಕರನ್ನಾಗಲಿ ಹೀಗೆ ಪರೀಕ್ಷೆಗೊಡ್ಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಪ್ರಕರಣ ನಿಷೇಧಿಸುತ್ತದೆ, ಮೊದಲ ಉಲ್ಲಂಘನೆಗೆ 25,000 ರೂಪಾಯಿ, ನಂತರದ ಪ್ರತಿ ಉಲ್ಲಂಘನೆಗೆ 50,000 ರೂಪಾಯಿವರೆಗೆ ದಂಡವಿದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಸೀಟು ಕೇಳಲು ಕೈಮುಗಿದು ನಿಂತ ತಾಯಿ ಅದನ್ನು ಹೇಳಲಾರಳು ಎಂಬುದೂ ನಿಜ.

ಕಾನೂನು ನಮ್ಮ ಪರವಾಗಿಯೇ ಇದೆ, ಸಚಿವರೇ. ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಅದು ಸೇರಿತು. ಆ ಕಾಯ್ದೆಯ 16ನೇ ಪ್ರಕರಣದಂತೆ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳೆಲ್ಲವೂ ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಅಷ್ಟೇ ಅಲ್ಲದೆ, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ಅದಕ್ಕೆ ತಕ್ಕ ಬೋಧನಾ ಕ್ರಮವನ್ನು ಕೈಗೊಳ್ಳಬೇಕು ಎಂದು ಅದು ಈ ನ್ಯೂನತೆಯನ್ನು ಹೆಸರಿಸಿಯೇ ಹೇಳುತ್ತದೆ. ಅದರ ಅಡಿಯಲ್ಲಿ ಬಂದ 2017ರ ನಿಯಮಗಳು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಈ ಮಕ್ಕಳ ಪ್ರವೇಶ ಮತ್ತು ಸೌಲಭ್ಯಗಳನ್ನು ನೋಡಿಕೊಳ್ಳಲೆಂದೇ ಒಬ್ಬ ನೋಡಲ್ ಅಧಿಕಾರಿ ಇರಬೇಕೆನ್ನುತ್ತವೆ. 2018ರ ಕೇಂದ್ರ ಮಾರ್ಗಸೂಚಿ ಮೂರನೇ ತರಗತಿಯ ಹೊತ್ತಿಗೆ ಶಾಲೆಯಲ್ಲಿಯೇ ಶಿಕ್ಷಕರಿಂದ ಪ್ರಾಥಮಿಕ ತಪಾಸಣೆ ಆಗಬೇಕೆಂದಿತು. ನನ್ನ ಮಗ ಮೂರನೇ ತರಗತಿಯಲ್ಲಿ ಇದ್ದದ್ದು ಆ ಮಾರ್ಗಸೂಚಿ ಬಂದ ಮೂರು ವರ್ಷಗಳ ನಂತರ. ಯಾರೂ ಅವನನ್ನು ತಪಾಸಣೆ ಮಾಡಲಿಲ್ಲ.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಾನು ಕಚೇರಿಯೊಂದಕ್ಕೆ ದೂರು ಕೊಡಲು ಹೋದೆ. ಅಲ್ಲಿದ್ದವರು ಸಮಾಧಾನದಿಂದಲೇ ಎಲ್ಲವನ್ನೂ ಕೇಳಿಸಿಕೊಂಡು, ‘ಶಾಲೆಯವರು ಸೀಟು ಇಲ್ಲ ಅಂದದ್ದಕ್ಕೆ ನಿಮ್ಮ ಹತ್ತಿರ ಏನು ದಾಖಲೆ ಇದೆ?’ ಎಂದು ಕೇಳಿದರು. ನನ್ನ ಕೈಯಲ್ಲಿ ವೈದ್ಯರ ವರದಿಯಿತ್ತು, ಬಸ್ ಟಿಕೆಟುಗಳಿದ್ದವು, ಮಗನ ನೋಟ್‌ಬುಕ್ಕುಗಳಿದ್ದವು. ಏಳು ಶಾಲೆಗಳು ಆಡಿದ ಮಾತಿಗೆ ಒಂದು ಸಾಲಿನ ಬರಹವೂ ಇರಲಿಲ್ಲ. ಆ ಪ್ರಶ್ನೆ ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಕಾಗದವಿಲ್ಲದೆ ಕಚೇರಿ ನಡೆಯುವುದಿಲ್ಲ. ಆದರೆ ಕಾನೂನನ್ನು ಮುರಿಯುವ ಮಾತೆಲ್ಲ ಬಾಯಿಯಲ್ಲಿ, ನಾವು ಕೊಡಬೇಕಾದ ಪುರಾವೆಯೆಲ್ಲ ಕಾಗದದಲ್ಲಿ ಎಂದಾದರೆ, ಯಾವ ಪೋಷಕರು ತಾನೇ ನ್ಯಾಯ ಪಡೆಯಲು ಸಾಧ್ಯ? ಸೀಟಿಗಾಗಿ ಅರ್ಜಿ ಹಾಕಿದ ಪ್ರತಿ ಮಗುವಿಗೂ ಸ್ವೀಕೃತಿ ಸಂಖ್ಯೆ ಕೊಟ್ಟು, ಸೇರಿಸಿಕೊಳ್ಳದಿದ್ದರೆ ಇಂತಿಷ್ಟು ದಿನಗಳೊಳಗೆ ಮುಖ್ಯಶಿಕ್ಷಕರ ಸಹಿ, ಮೊಹರು ಇರುವ ಪತ್ರದಲ್ಲಿ ಕಾರಣ ತಿಳಿಸಬೇಕೆಂದು, ಅದರ ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಬೇಕೆಂದು ಇಲಾಖೆ ಆದೇಶಿಸಿದರೆ ಖರ್ಚು ಏನೂ ಇಲ್ಲ. ‘ನಿಮ್ಮ ಮಗನಿಗೆ ಓದಲು ಬರುವುದಿಲ್ಲ, ಆದ್ದರಿಂದ ಸೇರಿಸಿಕೊಳ್ಳುವುದಿಲ್ಲ’ ಎಂದು ಸಹಿ ಹಾಕಿ ಬರೆದುಕೊಡಲು ಬಹಳಷ್ಟು ಶಾಲೆಗಳು ಹಿಂಜರಿಯುತ್ತವೆ. ಆ ಹಿಂಜರಿಕೆಯಿಂದಲೇ ಎಷ್ಟೋ ಮಕ್ಕಳಿಗೆ ಬಾಗಿಲು ತೆರೆಯುತ್ತದೆ ಎಂಬುದು ನನ್ನ ನಂಬಿಕೆ.

ಬಾಗಿಲು ತೆರೆದ ಮಾತ್ರಕ್ಕೆ ಅದು ಸರಿಯಾದ ಶಾಲೆಯಾಗುವುದಿಲ್ಲ ಎಂಬುದೂ ನನಗೆ ಗೊತ್ತು. ಹಿಂದಿನ ಬೆಂಚಿನಲ್ಲಿ ಕೂರಿಸಿ, ಬೋರ್ಡಿನಿಂದ ನಕಲು ಮಾಡಿಸಿ, ವರ್ಷದ ಕೊನೆಯಲ್ಲಿ ಮುಂದಿನ ತರಗತಿಗೆ ದೂಡುವ ಶಾಲೆಯೂ ಕಾಗದದ ಮೇಲೆ ಪ್ರವೇಶ ಕೊಟ್ಟ ಶಾಲೆಯೇ. ನನ್ನ ಎರಡನೆಯ ಬೇಡಿಕೆ ಇದಕ್ಕಾಗಿ. ಶಾಲೆಯಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ವಿಶೇಷ ಶಿಕ್ಷಕರು ಇದ್ದಾರೆಯೇ, ಇದ್ದರೆ ವಾರಕ್ಕೆ ಎಷ್ಟು ದಿನ ಬರುತ್ತಾರೆ, ಕಿರುಪರೀಕ್ಷೆಗಳಲ್ಲಿ ಹೆಚ್ಚು ಸಮಯ ಅಥವಾ ಮೌಖಿಕ ಉತ್ತರಕ್ಕೆ ಅವಕಾಶವನ್ನು ಯಾವ ತರಗತಿಯಿಂದ ಕೊಡುತ್ತಾರೆ, ಇದಕ್ಕಾಗಿ ಪೋಷಕರಿಂದ ಪ್ರತ್ಯೇಕ ಹಣ ಪಡೆಯುತ್ತಾರೆಯೇ, ಸದ್ಯ ಇಂಥ ಎಷ್ಟು ಮಕ್ಕಳು ಅಲ್ಲಿ ಓದುತ್ತಿದ್ದಾರೆ ಎಂಬ ವಿವರಗಳು ಒಂದು ಪುಟದಲ್ಲಿ ಹಿಡಿಯುತ್ತವೆ. ಆ ಪುಟವನ್ನು ಪ್ರತಿ ಶಾಲೆಯೂ ಪ್ರವೇಶ ಆರಂಭವಾಗುವ ಮೊದಲು ಸೂಚನಾ ಫಲಕದಲ್ಲಿ ಹಾಕಲಿ, ಇಲಾಖೆಯ ಜಾಲತಾಣದಲ್ಲಿ ತಾಲ್ಲೂಕುವಾರು ಸಿಗುವಂತಾಗಲಿ. ಜಿಲ್ಲೆಯ ನೋಡಲ್ ಅಧಿಕಾರಿಯ ಹೆಸರು ಮತ್ತು ಫೋನ್ ಸಂಖ್ಯೆಯೂ ಅದರ ಕೆಳಗೇ ಇರಲಿ. ಇವತ್ತು ಈ ಮಾಹಿತಿ ಪೋಷಕರಿಗೆ ಸಿಗುತ್ತಿರುವುದು ಆಸ್ಪತ್ರೆಯ ಬೆಂಚುಗಳ ಮೇಲೆ, ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳುವ ಮಾತಿನಿಂದ. ಅಂಥ ಬೆಂಚಿನವರೆಗೂ ಹೋಗಲಾರದ ಕೂಲಿಕಾರ ಕುಟುಂಬದ ಮಗುವಿಗೆ ‘ಶಾಲೆ ಬಿಟ್ಟವನು’ ಎಂಬ ಹೆಸರೊಂದೇ ಉಳಿಯುತ್ತದೆ.

‘ಇಲ್ಲ’ ಎಂದು ಬರೆಯಬೇಕಾಗುವ ಶಾಲೆಗಳೇ ಹೆಚ್ಚಿರಬಹುದು. ಬರೆಯಲಿ, ಅದರಿಂದ ನಮಗೆ ನೋವಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕಡೆಗೆ ನನ್ನ ಮಗನನ್ನು ಸೇರಿಸಿಕೊಂಡ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ವರದಿಯನ್ನು ಪೂರ್ತಿ ಓದಿ, ‘ನಮಗೆ ಇದರ ತರಬೇತಿ ಇಲ್ಲ. ನಿಮಗೆ ಡಾಕ್ಟರು ಏನು ಹೇಳಿಕೊಟ್ಟಿದ್ದಾರೋ ಅದನ್ನು ನಮಗೂ ಹೇಳಿಕೊಡಿ, ಮಾಡಿ ನೋಡೋಣ’ ಎಂದರು. ಆ ‘ಇಲ್ಲ’ದ ಪ್ರಾಮಾಣಿಕತೆ ನಮ್ಮನ್ನು ಕಾಪಾಡಿತು. ತರಗತಿ ಶಿಕ್ಷಕರು ಅವನನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿಸುವುದನ್ನು ಬಿಟ್ಟರು. ಸಮಾಜ ವಿಜ್ಞಾನ ಮತ್ತು ಪರಿಸರದ ಪಾಠಗಳಿಗೆ ಬಾಯಿಯಲ್ಲಿ ಉತ್ತರ ಕೇಳಿದರು. ಒತ್ತಕ್ಷರಗಳನ್ನು ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಸಿ, ಬರೆಯುವಾಗಲೇ ಸದ್ದು ಮಾಡಿಸಿ ಕಲಿಸಿದರು. ಬೋರ್ಡಿನಲ್ಲಿರುವುದನ್ನು ಪಕ್ಕದ ಹುಡುಗಿಯ ಪುಸ್ತಕದಿಂದ ನೋಡಿ ಬರೆದುಕೊಳ್ಳಲು ಬಿಟ್ಟರು. ಹೊಟ್ಟೆನೋವು ನಿಂತಿತು. ಇದು ಪೂರ್ಣ ಪರಿಹಾರ ಎಂದು ನಾನು ಹೇಳುವುದಿಲ್ಲ. ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳು ತಾಲ್ಲೂಕಿಗೆ ಕೆಲವೇ ಮಂದಿ. ಓಡಾಡಬೇಕಾದ ಊರುಗಳ ನಡುವೆ ನಮ್ಮ ಶಾಲೆಗೆ ಅವರು ಬಂದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಕಿರಿಯ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ನಂತರದ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿಯೇ ಹೇಳಿದೆ. ಹುದ್ದೆಗಳನ್ನು ಮಂಜೂರು ಮಾಡಿ ಎಂದು 2025ರ ಮಾರ್ಚ್‌ನಲ್ಲಿ ಎಲ್ಲ ರಾಜ್ಯಗಳಿಗೂ ಮತ್ತೆ ಹೇಳಬೇಕಾಯಿತು. ಪ್ರತಿ ಶಾಲೆಯೂ ಆ ಒಂದು ಪುಟವನ್ನು ತುಂಬಿದರೆ, ಎಲ್ಲೆಲ್ಲಿ ಎಷ್ಟು ಹುದ್ದೆ ಬೇಕೆಂಬ ಲೆಕ್ಕವೂ ತಮ್ಮ ಮೇಜಿಗೆ ತಾನಾಗಿ ಬರುತ್ತದೆ.

ಖಾಸಗಿ ಶಾಲೆಗಳ ಮುಖ್ಯಸ್ಥರಿಗೂ ಈ ಪತ್ರದ ಮೂಲಕ ಒಂದು ಮಾತು. ತಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ. ನಲವತ್ತು ಮಕ್ಕಳ ತರಗತಿ, ಫಲಿತಾಂಶದ ಒತ್ತಡ, ಇದರ ತರಬೇತಿಯನ್ನೇ ಪಡೆಯದ ಶಿಕ್ಷಕರು. ಆದರೆ ಮರಳಿನ ತಟ್ಟೆಗೆ, ಇಪ್ಪತ್ತು ನಿಮಿಷದ ಹೆಚ್ಚುವರಿ ಸಮಯಕ್ಕೆ, ಒಂದು ಮೌಖಿಕ ಪ್ರಶ್ನೆಗೆ ಸರ್ಕಾರಿ ಶಾಲೆಯೊಂದು ದಾರಿ ಮಾಡಿಕೊಂಡಿತು ಎಂಬುದನ್ನು ದಯವಿಟ್ಟು ಯೋಚಿಸಿ.

ಪ್ರೌಢಶಾಲೆಯ ವಿಷಯದಲ್ಲಿ ನನ್ನ ಭಯ ಬೇರೆಯದು. ಆರನೇ ತರಗತಿಯಿಂದ ಹಿಂದಿ ಸೇರಿ ಅವನೀಗ ಮೂರು ಲಿಪಿಗಳೊಡನೆ ಹೋರಾಡುತ್ತಿದ್ದಾನೆ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ 325 ಭಾಷೆಗಳಿಗೇ ಸೇರಿದವು. ಕಲಿಕಾ ನ್ಯೂನತೆಯುಳ್ಳ ಮಕ್ಕಳಿಗೆ ಈ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರರ ನೆರವು, ಭಾಷಾ ವಿಷಯದಲ್ಲಿ ವಿನಾಯಿತಿ ಇವೆ. ಆದರೆ ಹತ್ತನೇ ತರಗತಿಯಲ್ಲಿ ಅರ್ಜಿ ತುಂಬುವ ದಿನ ಅದನ್ನು ತಿಳಿದುಕೊಂಡು ವೈದ್ಯಕೀಯ ಪ್ರಮಾಣಪತ್ರಕ್ಕಾಗಿ ಓಡಿದ ಪೋಷಕರನ್ನು ನಾನು ಕಂಡಿದ್ದೇನೆ. ಎಂಟು ವರ್ಷದ ನಂತರ ಕೊಡುವ ಪ್ರಮಾಣಪತ್ರವನ್ನು 14ನೇ ವಯಸ್ಸಿನಲ್ಲಿ ಮರುಪರೀಕ್ಷೆ ಮಾಡಿಸಿ ಮತ್ತೆ ಪಡೆಯಬೇಕೆಂದು 2018ರ ಮಾರ್ಗಸೂಚಿ ಹೇಳಿತ್ತು. ಅಂದರೆ ನನ್ನ ಮಗ ಒಂಬತ್ತನೇ ತರಗತಿಯಲ್ಲಿರುವಾಗ. ನ್ಯೂನತೆಯ ಪ್ರಮಾಣ ಶೇ 40ಕ್ಕಿಂತ ಕಡಿಮೆ ಎಂದು ಬಂದರೆ ಏನೂ ಸಿಗುವುದಿಲ್ಲ ಎಂದು ಹೆದರಿಸಿದವರೂ ಇದ್ದಾರೆ. ಲಿಪಿಕಾರರ ನೆರವಿಗೆ ಶೇ 40ರ ಮಿತಿಯನ್ನು ಷರತ್ತಾಗಿ ಇಡಬಾರದೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ, ಬರೆಯಲು ಕಷ್ಟವಿರುವ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಹೇಳಿದೆ ಎಂಬುದನ್ನು ಶಾಲೆಗಳಿಗೆ ತಿಳಿಸುವವರು ಯಾರು? ಹೆಚ್ಚುವರಿ ಸಮಯದಲ್ಲಿ ಬರೆಯುವುದಕ್ಕೂ, ಲಿಪಿಕಾರರಿಗೆ ಉತ್ತರ ಹೇಳಿ ಬರೆಸುವುದಕ್ಕೂ ಅಭ್ಯಾಸ ಬೇಕು. ಎಂಟನೇ ತರಗತಿಯ ಮೊದಲ ಕಿರುಪರೀಕ್ಷೆಯಿಂದಲೇ ಅದನ್ನು ಕೊಡುವ ಶಾಲೆ ಯಾವುದು ಎಂದು ನನಗೆ ತಿಳಿಯಬೇಕಾಗಿದೆ.

ವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಎರಡನೇ ವಾರದಲ್ಲಿ, ನಾನು ನಮ್ಮ ಊರಿನ ಐದು ಪ್ರೌಢಶಾಲೆಗಳಿಗೆ ಹೋಗುತ್ತೇನೆ. ಮಗನೂ ಜೊತೆಗೆ ಬರುತ್ತೇನೆಂದು ಹೇಳಿದ್ದಾನೆ; ತನ್ನ ವಿಷಯವನ್ನು ತಾನೇ ಹೇಳುತ್ತಾನಂತೆ. ಅಷ್ಟರೊಳಗೆ ತಮ್ಮ ಆದೇಶವೊಂದು ಆ ಶಾಲೆಗಳನ್ನು ತಲುಪಿದ್ದರೆ, ಒಪ್ಪಿಗೆಯಾಗಲಿ ನಿರಾಕರಣೆಯಾಗಲಿ, ಅವನ ಕೈಗೆ ಸಹಿ ಮಾಡಿದ ಒಂದು ಕಾಗದ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಏಳನೇ ತರಗತಿಯ ವಿದ್ಯಾರ್ಥಿಯೊಬ್ಬನ ತಾಯಿ